ವಿಡಿಯೊ ಕಾಲ್‌ನಲ್ಲೇ ಮನೆ ಸಮೀಕ್ಷೆ ಮುಗಿಸಬಹುದೇ? ಉತ್ತರ ಹುಡುಕುವ ದಾರಿ ತೋರಿಸಿ ಹೋದ ಮಹಾಲನೋಬಿಸ್

ಎಲ್ಲರ ಕೈಯಲ್ಲೂ ಫೋನ್ ಇದೆ. ಹಾಗಿರುವಾಗ ಸರ್ಕಾರದವರು ಮನೆಮನೆಗೆ ಅಲೆದು ಪ್ರಶ್ನೆ ಕೇಳುವುದೇಕೆ? ವಿಡಿಯೊ ಕಾಲ್ ಮಾಡಿ ಕೇಳಿದರೆ ದುಡ್ಡೂ ಉಳಿಯುತ್ತದೆ, ಸಮಯವೂ ಉಳಿಯುತ್ತದೆ. ಈ ವಾದವನ್ನು ನೀವೂ ಕೇಳಿರಬಹುದು. ಇದಕ್ಕೆ ವಿರುದ್ಧವಾದ ಇನ್ನೊಂದು ವಾದವೂ ಇದೆ: ಎದುರಿಗೆ ಕೂತು ಕೇಳಿದರೆ ಮಾತ್ರ ಜನ ನಿಜ ಹೇಳುತ್ತಾರೆ, ಉಳಿದದ್ದೆಲ್ಲ ಬೊಗಳೆ.

ಎರಡೂ ಪೂರ್ತಿ ನಿಜವಲ್ಲ. ಯಾಕೆ ಅಲ್ಲ ಎಂಬುದನ್ನು ತಿಳಿಯಲು, ವಿಡಿಯೊ ಕಾಲ್ ಹುಟ್ಟುವ ಬಹಳ ಮೊದಲೇ ಇದೇ ಜಾತಿಯ ಪ್ರಶ್ನೆಯೊಂದಿಗೆ ಜೀವನವಿಡೀ ಗುದ್ದಾಡಿದ ಒಬ್ಬರ ಕಥೆ ನೋಡೋಣ. ಅವರು ಪ್ರಶಾಂತಚಂದ್ರ ಮಹಾಲನೋಬಿಸ್. ಅವರ ಹುಟ್ಟುಹಬ್ಬವಾದ ಜೂನ್ 29ನ್ನು 2007ರಿಂದ ದೇಶದಲ್ಲಿ ರಾಷ್ಟ್ರೀಯ ಸಂಖ್ಯಾಶಾಸ್ತ್ರ ದಿನವಾಗಿ ಆಚರಿಸುತ್ತಾರೆ.

ಭೌತಶಾಸ್ತ್ರ ಓದಲು ಹೋದವರು, ಪುಸ್ತಕದ ಗಂಟಿನೊಂದಿಗೆ ಬಂದರು

ಮಹಾಲನೋಬಿಸ್ ಹುಟ್ಟಿದ್ದು 1893ರಲ್ಲಿ, ಕಲ್ಕತ್ತದಲ್ಲಿ. ಮನೆಯವರು ಬ್ರಹ್ಮ ಸಮಾಜಕ್ಕೆ ಸೇರಿದವರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಪದವಿ ಮುಗಿಸಿ 1913ರಲ್ಲಿ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜು ಸೇರಿದರು. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಮರುವರ್ಷ ಕೇಂಬ್ರಿಜ್‌ಗೆ ಬಂದರು. ಇಬ್ಬರಿಗೂ ಅಲ್ಲಿ ಗೆಳೆತನ ಬೆಳೆಯಿತು.

ಓದು ಮುಗಿಸಿ ರಜೆಗೆಂದು ಊರಿಗೆ ಹೊರಟಾಗ ಮೊದಲ ಮಹಾಯುದ್ಧ ನಡೆಯುತ್ತಿತ್ತು, ಹಡಗು ಹೊರಡುವುದು ತಡವಾಯಿತು. ಕಾಲೇಜಿನ ಲೈಬ್ರರಿಯಲ್ಲಿ ಕಾಲ ಕಳೆಯುತ್ತಿದ್ದ ಅವರಿಗೆ ಬೋಧಕರೊಬ್ಬರು ಬಯೊಮೆಟ್ರಿಕಾ ಎಂಬ ಸಂಖ್ಯಾಶಾಸ್ತ್ರ ಪತ್ರಿಕೆಯ ಸಂಪುಟಗಳನ್ನು ತೋರಿಸಿದರು. ಅವು ಎಷ್ಟು ಹಿಡಿಸಿದವೆಂದರೆ, ಅಷ್ಟೂ ಸಂಪುಟಗಳನ್ನು ಕೊಂಡು ಹಡಗಿನಲ್ಲೇ ಓದತೊಡಗಿದರು. ಕಲ್ಕತ್ತದಲ್ಲಿ ಭೌತಶಾಸ್ತ್ರದ ಮೇಷ್ಟ್ರಾದರು. ಮನಸ್ಸು ಮಾತ್ರ ಅಂಕಿಗಳ ಕಡೆ ವಾಲಿತ್ತು.

ಮುಂದೆ ಅಲಿಪುರದ ಹವಾಮಾನ ಕೇಂದ್ರದಲ್ಲೂ ಕೆಲಸ ಮಾಡಿದರು. 1926ರಲ್ಲಿ ಒಡಿಶಾದ ಬ್ರಾಹ್ಮಣಿ ನದಿಯಲ್ಲಿ ಭಾರಿ ನೆರೆ ಬಂತು. ನದಿಯ ತಳ ಮೇಲೇರಿದೆ, ದಂಡೆಯ ಏರಿಗಳನ್ನು ಎತ್ತರಿಸಬೇಕು ಎಂದು ಎಂಜಿನಿಯರುಗಳು ನಂಬಿದ್ದರು. ಮಹಾಲನೋಬಿಸ್ ಹಲವು ದಶಕಗಳ ಮಳೆ ಮತ್ತು ನೀರಿನ ಮಟ್ಟದ ದಾಖಲೆಗಳನ್ನು ಲೆಕ್ಕ ಹಾಕಿದರು. ತಳ ಏರಿದ್ದಕ್ಕೆ ಅಂಕಿಗಳಲ್ಲಿ ಪುರಾವೆಯೇ ಸಿಗಲಿಲ್ಲ. ಎಲ್ಲರೂ ಒಪ್ಪಿದ ಮಾತನ್ನೂ ಲೆಕ್ಕ ಹಾಕದೆ ಒಪ್ಪಬಾರದು ಎಂಬ ಅಭ್ಯಾಸ ಅವರಲ್ಲಿ ಗಟ್ಟಿಯಾದದ್ದು ಇಂಥ ಕೆಲಸಗಳಿಂದ.

1931ರ ಡಿಸೆಂಬರ್‌ನಲ್ಲಿ ಅವರು ಮತ್ತು ಸಂಗಡಿಗರು ಭಾರತೀಯ ಸಾಂಖ್ಯಿಕ ಸಂಸ್ಥೆ ಕಟ್ಟಿದರು. ಶುರುವಾದದ್ದು ಪ್ರೆಸಿಡೆನ್ಸಿ ಕಾಲೇಜಿನ ಒಂದು ಕೋಣೆಯಲ್ಲಿ. ಮೊದಲ ವರ್ಷದ ಖರ್ಚು 250 ರೂಪಾಯಿಯನ್ನೂ ದಾಟಲಿಲ್ಲ. 1933ರಲ್ಲಿ ಸಂಖ್ಯಾ ಎಂಬ ಪತ್ರಿಕೆ ಹೊರತಂದರು. ಎರಡು ಗುಂಪುಗಳು ಒಂದಕ್ಕೊಂದು ಎಷ್ಟು ಹತ್ತಿರ, ಎಷ್ಟು ದೂರ ಎಂದು ಹಲವು ಅಳತೆಗಳನ್ನು ಒಟ್ಟಿಗಿಟ್ಟು ಹೇಳುವ ಒಂದು ಸೂತ್ರವನ್ನು 1936ರಲ್ಲಿ ಪ್ರಕಟಿಸಿದರು. ಇಂದಿಗೂ ಕಂಪ್ಯೂಟರ್ ವಿಜ್ಞಾನದವರು ಅದನ್ನು ಮಹಾಲನೋಬಿಸ್ ದೂರ ಎಂದೇ ಕರೆಯುತ್ತಾರೆ.

ಈ ಸಂಸ್ಥೆಗೂ ಕರ್ನಾಟಕಕ್ಕೂ ಒಂದು ನಂಟಿದೆ. ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ 1941ರಲ್ಲಿ ತರಬೇತಿಗೆಂದು ಅಲ್ಲಿಗೆ ಸೇರಿ, ಮುಂದೆ ಜಗತ್ತಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದರು.

ಒಂದು ಅಗುಳು ಸಾಕು, ಆದರೆ ಯಾವ ಅಗುಳು?

ಅನ್ನ ಬೆಂದಿದೆಯೇ ಎಂದು ನೋಡಲು ನಾವು ಇಡೀ ಪಾತ್ರೆ ಖಾಲಿ ಮಾಡುವುದಿಲ್ಲ. ಒಂದೆರಡು ಅಗುಳು ಹಿಸುಕಿ ನೋಡುತ್ತೇವೆ. ಮಾದರಿ ಸಮೀಕ್ಷೆ ಎಂದರೆ ಇದೇ. ಕೋಟ್ಯಂತರ ಮನೆಗಳಲ್ಲಿ ಕೆಲವು ಸಾವಿರ ಮನೆಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ ಕೇಳಿದರೆ ಇಡೀ ದೇಶದ ಅಂದಾಜು ಸಿಗುತ್ತದೆ. ಅಗುಳನ್ನು ಮೇಲಿನಿಂದ ಮಾತ್ರ ತೆಗೆದರೆ ತಳ ಹಿಡಿದದ್ದು ತಿಳಿಯುವುದಿಲ್ಲ. ಆದ್ದರಿಂದ ಚೀಟಿ ಎತ್ತುವುದು ಅಷ್ಟು ಮುಖ್ಯ.

ಮಹಾಲನೋಬಿಸ್ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ್ದು ಬಂಗಾಳದ ಸೆಣಬಿನ ಬೆಳೆಯಲ್ಲಿ. ಆ ಕಾಲದಲ್ಲಿ ಅಲ್ಲಿ ಬೆಳೆಯ ಲೆಕ್ಕ ಬಹುಮಟ್ಟಿಗೆ ಹಳ್ಳಿಯ ಚೌಕಿದಾರನ ಅಂದಾಜಿನ ಮೇಲೆ ನಿಂತಿತ್ತು. 1937ರಲ್ಲಿ ಸಣ್ಣದಾಗಿ ಶುರುವಾದ ಅವರ ಪ್ರಯೋಗ 1941ರ ಹೊತ್ತಿಗೆ ಇಡೀ ಪ್ರಾಂತ್ಯಕ್ಕೆ ಹಬ್ಬಿತು. ನಕ್ಷೆಯ ಮೇಲೆ ಅಲ್ಲಲ್ಲಿ ಚೌಕಗಳನ್ನು ಚೀಟಿ ಎತ್ತಿದಂತೆ ಆರಿಸಿ, ಅಷ್ಟನ್ನು ಮಾತ್ರ ನೋಡಿ ಬರುವುದು. ಒಂದೊಂದೇ ಗದ್ದೆ ಎಣಿಸುವುದಕ್ಕೆ ಬೀಳುವ ಖರ್ಚಿನ ಸಣ್ಣ ಪಾಲಿನಲ್ಲಿ ನಂಬಬಹುದಾದ ಲೆಕ್ಕ ಬಂತು.

ಇಲ್ಲಿ ಅವರಿಗೆ ಇನ್ನೊಂದು ಸಂಗತಿ ಹೊಳೆಯಿತು. ಎಷ್ಟು ಮನೆ, ಎಷ್ಟು ಗದ್ದೆ ನೋಡಿದೆವು ಎಂಬುದರಿಂದ ಬರುವ ತಪ್ಪನ್ನು ಸೂತ್ರದಿಂದ ಅಳೆಯಬಹುದು. ನೋಡಿ ಬಂದ ಮನುಷ್ಯನಿಂದ ಬರುವ ತಪ್ಪನ್ನು ಅಳೆಯುವುದು ಹೇಗೆ? ಒಬ್ಬ ಬಿಸಿಲಿಗೆ ಹೆದರಿ ಮರದ ನೆರಳಲ್ಲೇ ಕೂತು ಫಾರಂ ತುಂಬಿರಬಹುದು. ಇನ್ನೊಬ್ಬ ಕೇಳುವ ಧಾಟಿಯಲ್ಲೇ ಉತ್ತರ ಸೂಚಿಸಿಬಿಡಬಹುದು. ಮಾದರಿಯನ್ನು ಎಷ್ಟು ದೊಡ್ಡದು ಮಾಡಿದರೂ ಈ ತಪ್ಪು ಕರಗುವುದಿಲ್ಲ.

ಇದಕ್ಕೆ ಅವರು ಹುಡುಕಿದ ಉಪಾಯ ಸರಳ. ಒಂದೇ ಪ್ರದೇಶದಲ್ಲಿ ಒಂದರೊಳಗೊಂದು ಹೆಣೆದುಕೊಂಡ ಎರಡು ಮಾದರಿಗಳನ್ನು ಚೀಟಿ ಎತ್ತಿ ಆರಿಸುವುದು. ಒಂದನ್ನು ಒಂದು ತಂಡಕ್ಕೆ, ಇನ್ನೊಂದನ್ನು ಬೇರೆ ತಂಡಕ್ಕೆ ಕೊಡುವುದು. ತಂಡಗಳು ಪರಸ್ಪರ ಮಾತಾಡಿಕೊಳ್ಳುವಂತಿಲ್ಲ. ಕೊನೆಗೆ ಎರಡು ಉತ್ತರಗಳನ್ನು ಪಕ್ಕಪಕ್ಕ ಇಡುವುದು. ಹತ್ತಿರ ಹತ್ತಿರ ಇದ್ದರೆ ಲೆಕ್ಕದ ಮೇಲೆ ಭರವಸೆ ಹೆಚ್ಚುತ್ತದೆ. ಭಾರಿ ಅಂತರವಿದ್ದರೆ ಎಲ್ಲೋ ಎಡವಟ್ಟಾಗಿದೆ ಎಂದು ಅರ್ಥ. ಗದ್ದೆಗಳಿಗೆ ಬಳಸಿದ ಈ ಉಪಾಯವನ್ನು ಅವರು ಮನೆಗಳ ಖರ್ಚುವೆಚ್ಚ ಕೇಳುವ ಸಮೀಕ್ಷೆಗಳಿಗೂ ತಂದರು.

ಬರಗಾಲದ ಮನೆಗಳು

1943ರಲ್ಲಿ ಬಂಗಾಳದಲ್ಲಿ ಭೀಕರ ಕ್ಷಾಮ ಬಂತು. ಲಕ್ಷಾಂತರ ಜನ ಸತ್ತರು. ಮರುವರ್ಷ ಮಹಾಲನೋಬಿಸ್ ಅವರ ಸಂಸ್ಥೆ ಕ್ಷಾಮದ ನಂತರದ ಪರಿಸ್ಥಿತಿ ತಿಳಿಯಲು ಹಳ್ಳಿಗಳಿಗೆ ಇಳಿಯಿತು. 15,000ಕ್ಕೂ ಹೆಚ್ಚು ಕುಟುಂಬಗಳ ಮಾಹಿತಿ ಸಂಗ್ರಹವಾಯಿತು. ಯಾರು ಜಮೀನು ಮಾರಿದರು, ಯಾರ ಎತ್ತು ಹೋಯಿತು, ಯಾರು ಕಸುಬು ಬಿಟ್ಟು ಕೂಲಿಗೆ ಇಳಿದರು ಎಂಬ ವಿವರಗಳು 1946ರಲ್ಲಿ ಪ್ರಕಟವಾದವು.

ಇಂಥ ಪ್ರಶ್ನೆಗಳನ್ನು ಯೋಚಿಸಿ ನೋಡಿ. ಮನೆಯಲ್ಲಿ ಎಷ್ಟು ಜನ ಸತ್ತರು ಎಂದು ಕೇಳಬೇಕು. ಉತ್ತರಿಸುವವರು ಅಳಬಹುದು, ಮೌನವಾಗಬಹುದು. ಪಕ್ಕದ ಮನೆಗೆ ಬೀಗ ಬಿದ್ದಿರಬಹುದು, ಅಲ್ಲಿದ್ದವರು ಊರು ಬಿಟ್ಟಿರಬಹುದು ಅಥವಾ ಯಾರೂ ಉಳಿದಿಲ್ಲದಿರಬಹುದು. ಅತಿ ಹೆಚ್ಚು ಕಷ್ಟ ಪಟ್ಟ ಮನೆಯೇ ಲೆಕ್ಕದಿಂದ ಸುಲಭವಾಗಿ ಜಾರಿಹೋಗುತ್ತದೆ. ಊರಿಗೆ ಹೋದವರಿಗೆ ಕನಿಷ್ಠ ಆ ಬೀಗ ಕಾಣುತ್ತದೆ. ಸಮೀಕ್ಷೆ ಯಾರನ್ನು ಮುಟ್ಟುತ್ತದೆ ಎನ್ನುವಷ್ಟೇ, ಯಾರನ್ನು ಮುಟ್ಟುವುದಿಲ್ಲ ಎನ್ನುವುದೂ ಮುಖ್ಯ. ವಿಡಿಯೊ ಸಮೀಕ್ಷೆಯ ಚರ್ಚೆಗೆ ಬಂದಾಗ ಈ ಮಾತು ಮತ್ತೆ ಬೇಕಾಗುತ್ತದೆ.

ಒಂದೇ ಒಲೆ, ನೂರೆಂಟು ಸೇರು

ಸ್ವಾತಂತ್ರ್ಯ ಬಂದಾಗ ದೇಶದ ಜನ ಏನು ತಿನ್ನುತ್ತಾರೆ, ಎಷ್ಟು ಖರ್ಚು ಮಾಡುತ್ತಾರೆ ಎಂಬುದರ ದೇಶವ್ಯಾಪಿ ಲೆಕ್ಕ ಇರಲಿಲ್ಲ. 1949ರಲ್ಲಿ ಮಹಾಲನೋಬಿಸ್ ಕೇಂದ್ರ ಸಂಪುಟದ ಗೌರವ ಸಾಂಖ್ಯಿಕ ಸಲಹೆಗಾರರಾದರು. ಮರುವರ್ಷ ರಾಷ್ಟ್ರೀಯ ಮಾದರಿ ಸಮೀಕ್ಷೆ ಶುರುವಾಯಿತು. ಅದರ ಮೊದಲ ಸುತ್ತು 1950ರ ಅಕ್ಟೋಬರ್‌ನಿಂದ 1951ರ ಮಾರ್ಚ್‌ವರೆಗೆ, 1,833 ಹಳ್ಳಿಗಳಲ್ಲಿ ನಡೆಯಿತು.

ಕಾಗದದ ಮೇಲೆ ಸುಲಭ ಕಂಡದ್ದು ಹಳ್ಳಿಯಲ್ಲಿ ಕಗ್ಗಂಟಾಗುತ್ತಿತ್ತು. ಒಂದು ಕುಟುಂಬ ಎಂದರೆ ಯಾರು? ಅಣ್ಣತಮ್ಮಂದಿರು ಒಂದೇ ಸೂರಿನಡಿ ಇದ್ದು ಬೇರೆ ಬೇರೆ ಅಡುಗೆ ಮಾಡಿಕೊಳ್ಳುತ್ತಿದ್ದರೆ? ಸಮೀಕ್ಷೆ ಅಡುಗೆಮನೆಯನ್ನೇ ಗಡಿಯಾಗಿ ಹಿಡಿಯಿತು. ಒಟ್ಟಿಗೆ ಇದ್ದು ಒಂದೇ ಒಲೆಯ ಅಡುಗೆ ಉಣ್ಣುವವರು ಒಂದು ಕುಟುಂಬ. ಆಗಿನ್ನೂ ಕಿಲೊ, ಲೀಟರ್ ಬಂದಿರಲಿಲ್ಲ. ಒಂದು ಸೀಮೆಯ ಸೇರು ಇನ್ನೊಂದು ಸೀಮೆಯ ಸೇರಿಗೆ ಸಮವಿರಲಿಲ್ಲ. ಹತ್ತಾರು ಭಾಷೆ, ನೂರಾರು ಅಳತೆಗಳ ನಡುವೆ ಒಂದೇ ಪ್ರಶ್ನೆಯನ್ನು ಒಂದೇ ಅರ್ಥದಲ್ಲಿ ಕೇಳಬೇಕಿತ್ತು. ಎದುರಿಗೆ ಕೂತವರು ಮನೆಯ ಪಾವನ್ನೇ ತರಿಸಿ ನೋಡಬಹುದಿತ್ತು.

ಪ್ರಶ್ನೆ ಬದಲಾದರೆ ಬಡತನವೂ ಬದಲಾಗುತ್ತದೆ

ಇನ್ನು ಈ ಕಥೆಯ ಅತಿ ಮುಖ್ಯ ಭಾಗ. ಕಳೆದ ತಿಂಗಳು ನಿಮ್ಮ ಮನೆಯಲ್ಲಿ ಎಷ್ಟು ಅಕ್ಕಿ ಖರ್ಚಾಯಿತು ಎಂದು ಕೇಳಬೇಕೋ, ಕಳೆದ ವಾರ ಎಷ್ಟು ಎಂದು ಕೇಳಬೇಕೋ? ವಾರದ್ದೇ ಚೆನ್ನಾಗಿ ನೆನಪಿರುತ್ತದೆ ಎಂದು ಯಾರಿಗಾದರೂ ಅನಿಸುತ್ತದೆ.

ಮಹಾಲನೋಬಿಸ್ ಅನಿಸಿಕೆಗೆ ಬಿಡಲಿಲ್ಲ. 1950ರ ದಶಕದ ಆರಂಭದಲ್ಲಿ ಅವರ ಸಂಸ್ಥೆ ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿತು. ವಾರದ ಲೆಕ್ಕ, ತಿಂಗಳ ಲೆಕ್ಕ ಎರಡನ್ನೂ ಕೇಳಿ ನೋಡಿದರು. ಹೋಲಿಸಲು, ಮನೆಯಲ್ಲಿ ನಿಜಕ್ಕೂ ಖರ್ಚಾದ ಧಾನ್ಯವನ್ನು ತೂಗಿಯೂ ನೋಡಿದರು. ವಾರದ ಲೆಕ್ಕ ತಿಂಗಳ ಲೆಕ್ಕಕ್ಕಿಂತ ಜಾಸ್ತಿ ಬಂತು. ತೂಗಿ ನೋಡಿದ ಲೆಕ್ಕಕ್ಕೆ ಹತ್ತಿರವಿದ್ದದ್ದು ತಿಂಗಳದ್ದು! ವಾರಕ್ಕೆ ಮೊದಲು ತಂದದ್ದನ್ನೂ ಈ ವಾರಕ್ಕೇ ಸೇರಿಸಿ ಹೇಳಿಬಿಡುವುದು ಮನುಷ್ಯರ ಸ್ವಭಾವ. ಹೀಗಾಗಿ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ 30 ದಿನಗಳ ಪ್ರಶ್ನೆ ಉಳಿಯಿತು.

ಇದು ಬರೀ ಪಂಡಿತರ ತಕರಾರಲ್ಲ. 1990ರ ದಶಕದಲ್ಲಿ ಕೆಲವು ಮನೆಗಳಿಗೆ ಹಳೆಯ ಪ್ರಶ್ನೆ, ಕೆಲವಕ್ಕೆ ಆಹಾರಕ್ಕೆ 7 ದಿನಗಳ ಹೊಸ ಪ್ರಶ್ನೆ ಕೊಟ್ಟು ನೋಡಿದಾಗ, ಹೊಸ ಪ್ರಶ್ನೆಯಿಂದ ಬಡವರ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಯಾರ ತಟ್ಟೆಗೂ ಒಂದು ತುತ್ತು ಹೆಚ್ಚು ಬಿದ್ದಿರಲಿಲ್ಲ. 1999-2000ರ ಸುತ್ತಿನಲ್ಲಿ ಒಂದೇ ಮನೆಗೆ 7 ದಿನ ಮತ್ತು 30 ದಿನದ ಪ್ರಶ್ನೆಗಳನ್ನು ಪಕ್ಕಪಕ್ಕದಲ್ಲೇ ಕೇಳಿದರು. 1993-94ರಲ್ಲಿ ಸುಮಾರು ಶೇ 36 ಇದ್ದ ಬಡತನ ಶೇ 26ಕ್ಕೆ ಇಳಿದಂತೆ ಅಧಿಕೃತ ಅಂಕಿ ಬಂತು. ಇಳಿದದ್ದರಲ್ಲಿ ನಿಜವಾದದ್ದೆಷ್ಟು, ಪ್ರಶ್ನೆ ಬದಲಾದದ್ದರಿಂದ ಆದದ್ದೆಷ್ಟು ಎಂದು ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ವಾದ ಮಾಡಿದರು. ಬಡವರಿಗೆ ಮೀಸಲಾದ ಯೋಜನೆಗಳಿಗೆ ಯಾವ ರಾಜ್ಯಕ್ಕೆ ಎಷ್ಟು ಎಂದು ಲೆಕ್ಕ ಹಾಕುವಾಗ ಇಂಥ ಅಂಕಿಗಳೇ ಮುಂದೆ ಬರುತ್ತವೆ. ಕೇಳುವ ರೀತಿಯಲ್ಲಿ ಒಂದು ಸಣ್ಣ ಬದಲಾವಣೆ ಕೋಟ್ಯಂತರ ಜನರನ್ನು ಕಾಗದದ ಮೇಲೆ ಬಡತನದಿಂದ ಆಚೆ ತರಬಲ್ಲದು.

ಅವರೂ ಪರೀಕ್ಷೆಗೆ ಹೊರತಲ್ಲ

ಮಹಾಲನೋಬಿಸ್ ಮಾಡಿದ್ದೆಲ್ಲ ಸರಿ ಎಂದೇನಿಲ್ಲ. ಇಳುವರಿ ಅಂದಾಜಿಗೆ ಗದ್ದೆಯ ತೀರಾ ಸಣ್ಣ ತುಂಡನ್ನು ಕೊಯ್ದು ತೂಗುವ ವಿಧಾನವನ್ನು ಅವರು ಬಳಸಿದ್ದರು. ತುಂಡು ಸಣ್ಣದಾದಷ್ಟೂ ಅಂಚಿನ ಪೈರು ಒಳಗೆ ಸೇರಿಕೊಂಡು ಇಳುವರಿ ಜಾಸ್ತಿ ಕಾಣುತ್ತದೆ ಎಂದು ಪಿ.ವಿ. ಸುಖಾತ್ಮೆ ಎಂಬ ಇನ್ನೊಬ್ಬ ದೊಡ್ಡ ಸಂಖ್ಯಾಶಾಸ್ತ್ರಜ್ಞ ಗದ್ದೆಗಳಲ್ಲೇ ಹೋಲಿಸಿ ತೋರಿಸಿದರು. ಇಬ್ಬರ ನಡುವಿನ ಜಟಾಪಟಿ ಹೆಸರಾಗಿತ್ತು. ಎರಡನೇ ಪಂಚವಾರ್ಷಿಕ ಯೋಜನೆಗೆ ಮಹಾಲನೋಬಿಸ್ ಕೊಟ್ಟ ಭಾರಿ ಕೈಗಾರಿಕೆಯ ಮಾದರಿಯ ಬಗ್ಗೆಯೂ ಇಂದಿಗೂ ಭಿನ್ನಾಭಿಪ್ರಾಯವಿದೆ. ಆದರೆ ಅಳತೆಯ ವಿಧಾನವನ್ನೇ ಅಳೆಯಬೇಕು ಎಂಬ ಪಾಠ ಅವರಿಂದಲೂ, ಅವರನ್ನು ಪ್ರಶ್ನಿಸಿದವರಿಂದಲೂ ಗಟ್ಟಿಯಾಯಿತು.

1968ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು. 1972ರ ಜೂನ್ 28ರಂದು, 79ನೇ ಹುಟ್ಟುಹಬ್ಬಕ್ಕೆ ಒಂದು ದಿನ ಇರುವಾಗ ತೀರಿಕೊಂಡರು.

ಹಾಗಾದರೆ ವಿಡಿಯೊ ಸಂದರ್ಶನ ಹೇಗೆ?

ಕೋವಿಡ್ ಕಾಲದಲ್ಲಿ ಮನೆಗೆ ಹೋಗುವುದೇ ಕಷ್ಟವಾದಾಗ ಹಲವು ದೇಶಗಳ ಸಮೀಕ್ಷಕರು ಫೋನ್ ಮತ್ತು ವಿಡಿಯೊ ಕಡೆ ತಿರುಗಿದರು. ಅಮೆರಿಕದ ರಾಷ್ಟ್ರೀಯ ಚುನಾವಣಾ ಅಧ್ಯಯನ 2020ರಲ್ಲಿ ಕೆಲವರನ್ನು ವಿಡಿಯೊ ಮೂಲಕ ಸಂದರ್ಶಿಸಿತು. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಭಾಗವಹಿಸಿದ ಒಂದು ಅಧ್ಯಯನವು ನೇರ ವಿಡಿಯೊ ಸಂದರ್ಶನವನ್ನು ಆನ್‌ಲೈನ್ ಫಾರಂ ತುಂಬುವುದರೊಂದಿಗೆ ಹೋಲಿಸಿತು. ವಿಡಿಯೊದಲ್ಲಿ ಎದುರಿಗೊಬ್ಬರು ಇರುವುದರಿಂದ ಜನ ಕಣ್ಣುಮುಚ್ಚಿ ಒಂದೇ ಉತ್ತರ ಒತ್ತುತ್ತಾ ಹೋಗುವುದು ಕಡಿಮೆಯಾಯಿತು. ಆದರೆ ಹೇಳಲು ಮುಜುಗರವಾಗುವ ಸಂಗತಿಗಳನ್ನು ಬಿಚ್ಚಿ ಹೇಳಿದ್ದು ಫಾರಂನಲ್ಲೇ ಹೆಚ್ಚು. ಅಂದರೆ ಎದುರಿಗೊಂದು ಮುಖ ಇರುವುದರಿಂದ ಲಾಭವೂ ಇದೆ, ನಷ್ಟವೂ ಇದೆ. ಕುಡಿತದಂಥ ವಿಷಯದಲ್ಲಿ ಮನೆಗೆ ಬಂದವರ ಮುಂದೆ ಇರುವ ಸಂಕೋಚ ವಿಡಿಯೊದಲ್ಲಿ ತಾನಾಗಿ ಮಾಯವಾಗುವುದಿಲ್ಲ.

ವಿಡಿಯೊದ ಅನುಕೂಲಗಳು ನಿಜವೇ. ಓಡಾಟದ ಖರ್ಚು ಉಳಿಯುತ್ತದೆ. ಬೀದರಿನಲ್ಲಿರುವ ತೆಲುಗು ಮನೆಗೆ ತೆಲುಗು ಬಲ್ಲ ಸಮೀಕ್ಷಕರನ್ನು ಬೆಂಗಳೂರಿನಿಂದಲೇ ಒದಗಿಸಬಹುದು. ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿದರೆ ಪ್ರಶ್ನೆ ಸರಿಯಾಗಿ ಕೇಳಿದರೇ ಎಂದು ಪರಿಶೀಲಿಸಬಹುದು.

ತೊಡಕುಗಳೂ ಅಷ್ಟೇ ನಿಜ. ಮೊದಲನೆಯದು, ಫೋನ್ ಎಲ್ಲರ ಕೈಯಲ್ಲಿ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ತಾವೇ ಬಳಸುವ ಮೊಬೈಲ್ ಇದ್ದದ್ದು 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇ 54 ಮಂದಿಗೆ ಮಾತ್ರ. ವಿಡಿಯೊ ಕಾಲ್‌ಗೆ ಸ್ಮಾರ್ಟ್‌ಫೋನ್, ಡೇಟಾ, ನೆಟ್‌ವರ್ಕ್ ಮೂರೂ ಬೇಕು. ಇವಿಲ್ಲದವರು ಹೆಚ್ಚಾಗಿ ಬಡವರು. ಬಡತನ ಅಳೆಯುವ ಸಮೀಕ್ಷೆಯಿಂದ ಬಡವರೇ ಹೊರಗುಳಿದರೆ? ಕ್ಷಾಮ ಕಾಲದ ಬೀಗ ಹಾಕಿದ ಮನೆಯ ಸಮಸ್ಯೆಯೇ ಇಲ್ಲಿ ಇನ್ನೊಂದು ರೂಪದಲ್ಲಿ ಬರುತ್ತದೆ.

ಎರಡನೆಯದು, ಕ್ಯಾಮೆರಾ ತೋರಿಸಿದಷ್ಟೇ ಕಾಣುತ್ತದೆ. ನೆಲ ಮಣ್ಣಿನದೋ ಸಿಮೆಂಟಿನದೋ, ಒಲೆ ಯಾವುದು, ಶೌಚಾಲಯ ಬಳಕೆಯಲ್ಲಿದೆಯೋ ಸೌದೆ ತುಂಬಿದೆಯೋ ಎಂಬುದು ಮನೆಗೆ ಹೋದವರ ಕಣ್ಣಿಗೆ ಬೀಳುತ್ತದೆ. ಕ್ಯಾಮೆರಾದ ಆಚೆ ಅತ್ತೆಯೋ ಗಂಡನೋ ನಿಂತು ಕೇಳಿಸಿಕೊಳ್ಳುತ್ತಿದ್ದರೆ ಸಮೀಕ್ಷಕರಿಗೆ ತಿಳಿಯುವುದಿಲ್ಲ. ಮಕ್ಕಳ ತೂಕ, ಎತ್ತರ ಅಳೆಯುವುದು, ಬೆರಳಿಂದ ಒಂದು ಹನಿ ರಕ್ತ ತೆಗೆದು ರಕ್ತಹೀನತೆ ನೋಡುವುದು ವಿಡಿಯೊದಲ್ಲಿ ಆಗದ ಕೆಲಸ.

ಮೂರನೆಯದು ನಂಬಿಕೆ. ಡಿಜಿಟಲ್ ಅರೆಸ್ಟ್ ಹೆಸರಿನ ವಂಚನೆಗಳ ಕಾಲವಿದು. ಅಪರಿಚಿತ ನಂಬರಿನಿಂದ ವಿಡಿಯೊ ಕಾಲ್ ಬಂದರೆ ಎತ್ತದಿರುವುದೇ ಜಾಣತನ ಎಂದು ನಾವೇ ಮನೆಯವರಿಗೆ ಹೇಳುತ್ತಿದ್ದೇವೆ. ಎತ್ತುವವರು ಒಂದು ಬಗೆಯ ಜನ, ಎತ್ತದವರು ಇನ್ನೊಂದು ಬಗೆಯ ಜನ ಆದಾಗ, ಎತ್ತಿದವರ ಉತ್ತರ ಇಡೀ ಊರಿನ ಉತ್ತರವಾಗುವುದಿಲ್ಲ.

ಹಾಗೆಂದು ಮನೆಗೆ ಹೋದ ಮಾತ್ರಕ್ಕೆ ಎಲ್ಲ ಸರಿಯಾಗುವುದಿಲ್ಲ. ಮರದ ನೆರಳಲ್ಲಿ ಫಾರಂ ತುಂಬುವವರ ಸಮಸ್ಯೆ ಎದುರುಬದುರು ಸಮೀಕ್ಷೆಯದ್ದೇ. ನೂರಾರು ಪ್ರಶ್ನೆ ಕೇಳುತ್ತಾ ಹೋದರೆ ಉತ್ತರಿಸುವವರಿಗೂ ಸಾಕಾಗಿ ಬಾಯಿಗೆ ಬಂದದ್ದು ಹೇಳುತ್ತಾರೆ. ಅದಕ್ಕೇ 2022-23ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯಲ್ಲಿ ಪ್ರಶ್ನೆಗಳನ್ನು ಮೂರು ಭಾಗ ಮಾಡಿ, ಒಂದೇ ಮನೆಗೆ ಮೂರು ಸಲ ಹೋಗಿ, ಟ್ಯಾಬ್‌ನಲ್ಲಿ ದಾಖಲಿಸಿಕೊಂಡರು.

ಮಹಾಲನೋಬಿಸ್ ದಾರಿ

ವಿಡಿಯೊ ಮೇಲೋ, ಎದುರುಬದುರು ಮೇಲೋ ಎಂದು ವಾದ ಮಾಡುವುದಕ್ಕಿಂತ ಅವರ ಹಳೆಯ ಉಪಾಯವನ್ನೇ ಬಳಸಬಹುದು. ಒಂದೇ ಊರಿನ ಮನೆಗಳನ್ನು ಚೀಟಿ ಎತ್ತಿ ಎರಡು ಪಾಲು ಮಾಡುವುದು. ಒಂದು ಪಾಲಿಗೆ ವಿಡಿಯೊ, ಇನ್ನೊಂದಕ್ಕೆ ಮನೆ ಭೇಟಿ, ಪ್ರಶ್ನೆಗಳು ಮಾತ್ರ ಅವೇ. ಎಷ್ಟು ಮನೆಯವರು ಉತ್ತರಿಸಿದರು, ಉತ್ತರಗಳಲ್ಲಿ ಎಷ್ಟು ಅಂತರ ಬಂತು ಎಂದು ನೋಡುವುದು. ಸಾಧ್ಯವಿದ್ದಲ್ಲಿ ಕೆಲವು ಮನೆಗಳಲ್ಲಿ ತೂಗಿ, ಅಳೆದು, ಯಾವುದು ನಿಜಕ್ಕೆ ಹತ್ತಿರ ಎಂದು ತಿಳಿಯುವುದು. ವಿಡಿಯೊ ಯಾರಿಗೆ, ಯಾವ ಪ್ರಶ್ನೆಗೆ ಸಾಕು ಎಂಬುದು ಆಗ ಗೊತ್ತಾಗುತ್ತದೆ. ಹಾಗೆ ಪರೀಕ್ಷಿಸದೆ ಒಂದು ವರ್ಷ ಮನೆ ಭೇಟಿ, ಮರುವರ್ಷ ವಿಡಿಯೊ ಎಂದು ಬದಲಿಸಿದರೆ, ಬಂದ ಅಂಕಿಯಲ್ಲಿ ಬದಲಾದದ್ದು ಜನರ ಬದುಕೋ ಕೇಳಿದ ರೀತಿಯೋ ಎಂದು ಹೇಳಲಾಗುವುದಿಲ್ಲ.

ನೀವು ನೆನಪಿಡಬೇಕಾದದ್ದು

• ಲಕ್ಷಾಂತರ ಜನ ಉತ್ತರಿಸಿದ್ದಾರೆ ಎಂದ ಮಾತ್ರಕ್ಕೆ ಸಮೀಕ್ಷೆ ಸರಿಯಾಗುವುದಿಲ್ಲ. ಜನರನ್ನು ಹೇಗೆ ಆರಿಸಿದರು ಎಂದು ನೋಡಿ. ಲಿಂಕ್ ಒತ್ತಿ ವೋಟ್ ಹಾಕುವ ಫಾರ್ವರ್ಡ್‌ಗಳು ಮಾದರಿ ಸಮೀಕ್ಷೆಗಳಲ್ಲ.

• ಬಡತನ ಇಳಿಯಿತು, ಏರಿತು ಎಂಬ ಅಂಕಿ ಹಂಚುವ ಮುನ್ನ, ಎರಡೂ ಸಲ ಒಂದೇ ರೀತಿ ಕೇಳಿದ್ದಾರೆಯೇ ಎಂದು ಗಮನಿಸಿ.

• ಮನೆಗೆ ಸಮೀಕ್ಷಕರು ಬಂದರೆ ಗುರುತಿನ ಚೀಟಿ ಕೇಳಿ. ಯಾವ ಸಮೀಕ್ಷೆಗೂ ನಿಮ್ಮ ಎಟಿಎಂ ಪಿನ್ ಅಥವಾ ಬ್ಯಾಂಕಿನ ಒಟಿಪಿ ಬೇಕಿಲ್ಲ. ಸಮೀಕ್ಷೆಯ ಹೆಸರಿನಲ್ಲಿ ವಿಡಿಯೊ ಕಾಲ್ ಮಾಡಿ ಅದನ್ನು ಕೇಳಿದರೆ ಕಾಲ್ ಕಟ್ ಮಾಡಿ, ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ತಿಳಿಸಿ.

• ಬಂದವರು ನಿಜವಾದ ಸಮೀಕ್ಷಕರೇ ಆಗಿದ್ದರೆ ಸ್ವಲ್ಪ ಸಮಯ ಕೊಟ್ಟು, ಇದ್ದದ್ದನ್ನು ಇದ್ದಂತೆ ಹೇಳಿ. ಚೀಟಿಯಲ್ಲಿ ನಿಮ್ಮ ಮನೆ ಬಂದಿದೆ ಎಂದರೆ ನಿಮ್ಮಂಥ ಸಾವಿರಾರು ಮನೆಗಳ ಪರವಾಗಿ ನೀವು ಉತ್ತರಿಸುತ್ತಿದ್ದೀರಿ.